ಕಾರವಾರದ ಕಡಲ ನೀರಿನಲ್ಲಿ ಕೋಶಪೊರೆಯ ಆಕಾರ ಬದಲಾಗುವುದನ್ನು ನೋಡುವ ಕ್ರಮ

ಜೀವಕೋಶದ ಪೊರೆಯ ದಪ್ಪ ಸುಮಾರು 5ರಿಂದ 10 ನ್ಯಾನೋಮೀಟರ್ ಮಾತ್ರ. ಕಾಲೇಜಿನ ಸೂಕ್ಷ್ಮದರ್ಶಕದಲ್ಲಿ ಅದರ ರಚನೆ ಕಾಣಿಸದಿದ್ದರೂ, ಅದು ಕೋಶಭಿತ್ತಿಯಿಂದ, ಅಂದರೆ ಸಸ್ಯಕೋಶದ ಗಟ್ಟಿಯಾದ ಹೊರಗೋಡೆಯಿಂದ, ಬಿಡಿಸಿಕೊಂಡು ಒಳಸರಿಯುವುದನ್ನು ಸ್ಪಷ್ಟವಾಗಿ ನೋಡಬಹುದು. ಮಳೆಗಾಲದಲ್ಲಿ ಕಾಳಿ ನದಿಯ ಪ್ರವಾಹದಿಂದ ಅಳಿವೆಯ ಸುತ್ತಲಿನ ನೀರು ಸಪ್ಪೆಯಾಗುವುದರಿಂದ, ಸಮುದ್ರದ ನೀರನ್ನು ಬೇಸಿಗೆಯಲ್ಲಿ, ಅಳಿವೆಯಿಂದ ದೂರದಲ್ಲಿ ತುಂಬಿಕೊಂಡು ಬಟ್ಟೆಯಲ್ಲಿ ಸೋಸಿರಿ.

ಕೆಂಪು ಈರುಳ್ಳಿಯ ಎಸಳಿನ ಹೊರಮೈಯಿಂದ ನೇರಳೆ ಬಣ್ಣದ ತೆಳುಪದರವನ್ನು ಚಿಮಟದಿಂದ ಬಿಡಿಸಿ, ಗಾಜಿನ ಪಟ್ಟಿಯ ಮೇಲೆ ಒಂದು ಹನಿ ಸಿಹಿನೀರಿನಲ್ಲಿ ಹರಡಿ, ಹೊದಿಕೆಗಾಜನ್ನು ಮುಚ್ಚಿರಿ. ಒಳಮೈಯ ಪದರ ಸಲೀಸಾಗಿ ಬರುತ್ತದೆ, ನಿಜ. ಆದರೆ ಬಣ್ಣವಿಲ್ಲದ ಅದರಲ್ಲಿ ಬದಲಾವಣೆಯನ್ನು ಗುರುತಿಸುವುದು ಕಷ್ಟ. ಹೊದಿಕೆಗಾಜಿನ ಒಂದು ಅಂಚಿಗೆ ಸಮುದ್ರದ ನೀರನ್ನು ಹನಿಸಿ, ಎದುರಿನ ಅಂಚಿನಲ್ಲಿ ಸೋಸುಕಾಗದವನ್ನಿಟ್ಟು ಸಿಹಿನೀರನ್ನು ಹೀರಿಸಿರಿ.

ಕೆಲವೇ ನಿಮಿಷಗಳಲ್ಲಿ ನೇರಳೆ ಭಾಗವು ಸಾಮಾನ್ಯವಾಗಿ ಮೂಲೆಗಳಿಂದ ಹಿಂದೆ ಸರಿಯತೊಡಗುತ್ತದೆ. ಹೊರಗಿನ ಉಪ್ಪುನೀರು ಕೋಶದೊಳಗಿನ ನೀರನ್ನು ಸೆಳೆಯುವುದೇ ಇದಕ್ಕೆ ಕಾರಣ; ನೀರು ಹೊರಹೋದಂತೆ ಬಣ್ಣವೂ ಗಾಢವಾಗುತ್ತದೆ. ಆದರೆ ಪೊರೆಯು ರಬ್ಬರಿನಂತೆ ಕುಗ್ಗುವುದಿಲ್ಲ: ಅದರ ಮೇಲ್ಮೈ ಕೆಲವೇ ಶೇಕಡಾ ಹಿಗ್ಗಬಲ್ಲದು, ಕುಗ್ಗುವುದಂತೂ ಇನ್ನೂ ಕಷ್ಟ. ಆದ್ದರಿಂದ ಹೆಚ್ಚಾದ ಪೊರೆಯ ಒಂದು ಭಾಗ ಚಿಕ್ಕ ಕೋಶಿಕೆಗಳಾಗಿ (ಪೊರೆಯ ಪುಟ್ಟ ಚೀಲಗಳಾಗಿ) ಒಳಸೇರುತ್ತದೆ. ಇನ್ನೊಂದು ಭಾಗ ಭಿತ್ತಿಗೆ ಅಂಟಿಕೊಂಡ ಸಪೂರ ಎಳೆಗಳಾಗಿ ಉಳಿಯುತ್ತದೆ. 1912ರಲ್ಲಿ ಇವನ್ನು ವರ್ಣಿಸಿದ ವಿಜ್ಞಾನಿಯ ನೆನಪಿಗಾಗಿ ಇವುಗಳಿಗೆ ಹೆಕ್ಟ್ ಎಳೆಗಳೆಂದು ಹೆಸರು. ಇವನ್ನು ಹುಡುಕುವಾಗ ಬೆಳಕನ್ನು ತಗ್ಗಿಸಬೇಕು.

ಮರಳಿ ಸಿಹಿನೀರು ಬಿಡುವಾಗ ಅವಸರ ಬೇಡ. ಮೊದಲು ಅರ್ಧಕ್ಕರ್ಧ ಬೆರೆಸಿದ ನೀರನ್ನು ಹಾಯಿಸಿರಿ. ಒಮ್ಮೆಲೇ ಉಬ್ಬಿದರೆ, ಒಳಸೇರಿದ ಪೊರೆ ಹಿಂತಿರುಗುವ ಮೊದಲೇ ಮೇಲ್ಮೈ ಬಿಗಿದು ಕೋಶ ಒಡೆಯಬಹುದು.