ಒಂದು ಮಿಲಿಮೀಟರಿನ ಜೊತೆ ಗುದ್ದಾಟ

ನಾನು ತೆಗೆದ ಮೊದಲ ಮ್ಯಾಕ್ರೋ ಚಿತ್ರದಲ್ಲಿ, ಅಂದರೆ ಪುಟ್ಟದ್ದನ್ನು ತೀರ ಹತ್ತಿರದಿಂದ ದೊಡ್ಡದಾಗಿ ತೆಗೆಯುವ ಚಿತ್ರದಲ್ಲಿ, ಜೇಡದ ಹಿಂಗಾಲಿನ ಕೂದಲನ್ನು ಒಂದೊಂದಾಗಿ ಎಣಿಸಬಹುದಿತ್ತು. ಜೇಡವೇ ಇರಲಿಲ್ಲ. ಅಂದರೆ ಇತ್ತು, ಕಂದು ಬಣ್ಣದ ಮಂಜಿನ ಉಂಡೆಯ ಹಾಗೆ. ಫೋಕಸ್ ಕಾಲಿನ ಮೇಲೆ ಕೂತುಬಿಟ್ಟಿತ್ತು. ಅವತ್ತು ಸುಮಾರು ಎಂಬತ್ತು ಸಲ ಕ್ಲಿಕ್ ಮಾಡಿದ್ದೆ. ಕಣ್ಣು ಸ್ಪಷ್ಟವಾಗಿ ಬಂದದ್ದು ಒಂದರಲ್ಲೂ ಇಲ್ಲ.

ಲೆನ್ಸನ್ನು ಹಿಂದುಮುಂದಾಗಿ ಹಾಕಿ ತೆಗೆದ ಚಿತ್ರಗಳು ಅವು. ಮ್ಯಾಕ್ರೋ ಲೆನ್ಸ್ ಕೊಳ್ಳುವ ಮೊದಲು ಸುಮ್ನೆ ಒಂದು ಕೈ ನೋಡೋಣ ಅಂತ, ಹಳೆಯ 50 ಎಂಎಂ ಲೆನ್ಸೊಂದನ್ನು ರಿವರ್ಸ್ ರಿಂಗ್ ಎಂಬ ಸಣ್ಣ ಬಳೆಯಿಂದ ಕ್ಯಾಮೆರಾಕ್ಕೆ ಉಲ್ಟಾ ಸಿಕ್ಕಿಸಿದ್ದೆ. ಹೀಗೆ ಮಾಡಿದರೆ ಹೆಚ್ಚುಕಡಿಮೆ 1:1 ಅಳತೆ ಸಿಗುತ್ತದೆ. ಆರು ಮಿಲಿಮೀಟರಿನ ಜೇಡ, ಕ್ಯಾಮೆರಾದೊಳಗೆ ಚಿತ್ರ ಮೂಡುವ ಸೆನ್ಸರ್ ಮೇಲೂ ಆರು ಮಿಲಿಮೀಟರ್ ಜಾಗ ಹಿಡಿಯುತ್ತದೆ. ಫುಲ್ ಫ್ರೇಮ್ ಸೆನ್ಸರಿನ ಅಗಲ ಇರುವುದೇ 36 ಮಿಲಿಮೀಟರ್. ಅಲ್ಲಿಗೆ ಚಿತ್ರದ ಅಗಲದ ಆರನೇ ಒಂದು ಪಾಲು ಜೇಡದ್ದೇ ಆಯಿತು.

ಈ ಲೆಕ್ಕದ ಇನ್ನೊಂದು ಮುಖ ನನಗೆ ಆಮೇಲೆ ತಿಳಿಯಿತು. 1:1ರಲ್ಲಿ ಅಪರ್ಚರನ್ನು, ಅಂದರೆ ಲೆನ್ಸಿನೊಳಗೆ ಬೆಳಕು ಬರುವ ಕಿಂಡಿಯನ್ನು, ಎಫ್/8ಕ್ಕೆ ಇಟ್ಟರೆ ಚಿತ್ರದಲ್ಲಿ ಸ್ಪಷ್ಟವಾಗಿ ಕಾಣುವ ಭಾಗದ ದಪ್ಪ ಸುಮಾರು ಒಂದು ಮಿಲಿಮೀಟರ್, ಅಷ್ಟೇ. ಅದಕ್ಕಿಂತ ಮುಂದಿದ್ದರೂ ಮಂಜು, ಹಿಂದಿದ್ದರೂ ಮಂಜು. ಇನ್ನೂ ದೊಡ್ಡದಾಗಿ, ಎರಡು ಪಟ್ಟಿಗೆ ಹೋದರೆ ಅದು ಅರ್ಧ ಮಿಲಿಮೀಟರೂ ಉಳಿಯುವುದಿಲ್ಲ. ನಾನು ಉಸಿರಾಡಿದರೆ ಅಷ್ಟು ಕದಲುತ್ತೇನೆ. ಅವತ್ತಿನಿಂದ ನಾನು ಕಲಿತದ್ದೆಲ್ಲ ಈ ಒಂದು ಮಿಲಿಮೀಟರನ್ನು ಎಲ್ಲಿ ಖರ್ಚು ಮಾಡಬೇಕು ಅನ್ನುವುದರ ಬಗ್ಗೆಯೇ.

ಮೊದಲು ಬಿಟ್ಟದ್ದು ಆಟೋಫೋಕಸ್. ಉಲ್ಟಾ ಲೆನ್ಸಿನಲ್ಲಿ ಅದು ಹೇಗೂ ಇರುವುದಿಲ್ಲ. ಆಮೇಲೆ ನಿಜವಾದ ಮ್ಯಾಕ್ರೋ ಲೆನ್ಸ್ ಬಂದ ಮೇಲೂ ನಾನು ಅದನ್ನು ಹೆಚ್ಚು ಬಳಸಲಿಲ್ಲ. ಎಷ್ಟು ದೊಡ್ಡದಾಗಿ ಬೇಕೋ ಅಷ್ಟಕ್ಕೆ ಫೋಕಸ್ ರಿಂಗ್ ತಿರುಗಿಸಿ ಹಾಗೇ ಬಿಡುತ್ತೇನೆ. ಆಮೇಲೆ ಕದಲುವುದು ನಾನು, ರಿಂಗ್ ಅಲ್ಲ. ಮೊಣಕಾಲೂರಿ, ಮೊಣಕೈಯನ್ನು ಎದೆಗೆ ಒತ್ತಿಕೊಂಡು, ಮೈಯನ್ನೇ ನಿಧಾನವಾಗಿ ಮುಂದೆ ವಾಲಿಸುತ್ತೇನೆ. ವ್ಯೂಫೈಂಡರಿನಲ್ಲಿ ಮೊದಲು ಮೀಸೆ ಬಿಡಿಸಿಕೊಳ್ಳುತ್ತದೆ, ಆಮೇಲೆ ಹಣೆ, ಆಮೇಲೆ ಕಣ್ಣು. ಕಣ್ಣಿನ ಹೊಳಪು ಬರುವ ಹೊತ್ತಿಗೆ ಒತ್ತಬೇಕು. ಬಂದ ಮೇಲೆ ಒತ್ತಿದರೆ ತಡವಾಗಿರುತ್ತದೆ. ಇದನ್ನು ಹೇಳಿ ಕಲಿಸಲು ಆಗುವುದಿಲ್ಲ, ಜೋಕಾಲಿಗೆ ಹಾರಿ ಕೂರುವ ಹಾಗೆ ಮೈಗೆ ರೂಢಿಯಾಗಬೇಕು.

ಅದಕ್ಕಿಂತ ದೊಡ್ಡ ಉಪಕಾರ ಮಾಡಿದ್ದು ಎಡಗೈ. ಹುಳ ಕೂತ ಕಡ್ಡಿಯನ್ನು ಎಡಗೈಯ ಎರಡು ಬೆರಳಲ್ಲಿ ಮೆತ್ತಗೆ ಹಿಡಿಯುತ್ತೇನೆ. ಅದೇ ಕೈಯ ಮೇಲೆ ಲೆನ್ಸನ್ನು ಇಡುತ್ತೇನೆ. ಈಗ ಗಾಳಿ ಬೀಸಿದರೆ ಕಡ್ಡಿ, ಕೈ, ಲೆನ್ಸ್ ಮೂರೂ ಒಟ್ಟಿಗೆ ತೂಗುತ್ತವೆ. ಒಂದಕ್ಕೊಂದು ಹೋಲಿಸಿದರೆ ಯಾವುದೂ ಕದಲಿಲ್ಲ! ಟ್ರೈಪಾಡ್ ಹೊತ್ತುಕೊಂಡು ತಿರುಗಿದ ದಿನಗಳು ನೆನಪಾದರೆ ಈಗ ನಗು ಬರುತ್ತದೆ. ಅದರ ಕಾಲು ಬಿಡಿಸುವಾಗ ಗಿಡಕ್ಕೆ ತಾಗಿ ಎಷ್ಟು ಹುಳ ಹಾರಿಹೋದವೋ.

ಹೀಗೆಲ್ಲ ಕಷ್ಟಪಡುವ ಬದಲು ಅಪರ್ಚರ್ ಮುಚ್ಚುತ್ತಾ ಹೋದರೆ ಆಗುವುದಿಲ್ಲವೇ ಅಂತ ನನಗೂ ಅನಿಸಿತ್ತು. ಕಿಂಡಿ ಚಿಕ್ಕದಾದಷ್ಟು ಸ್ಪಷ್ಟ ಭಾಗದ ದಪ್ಪ ಹೆಚ್ಚುತ್ತದೆ, ಎಫ್ ಮುಂದಿನ ಅಂಕಿ ದೊಡ್ಡದಾದಷ್ಟು ಕಿಂಡಿ ಚಿಕ್ಕದು. ಎಫ್/22ಕ್ಕೆ ಇಟ್ಟು ಒಂದು ವಾರ ಚಿತ್ರ ತೆಗೆದೆ. ಮೀಸೆಯಿಂದ ರೆಕ್ಕೆಯ ತನಕ ಎಲ್ಲವೂ ಫೋಕಸ್‌ನಲ್ಲಿ, ಆದರೆ ಯಾವುದೂ ಚೂಪಾಗಿಲ್ಲ. ತೊಳೆದು ತೊಳೆದು ಸವೆದ ಬಟ್ಟೆಯ ಹಾಗೆ ಎಲ್ಲಾ ಮಾಸಲು. ಸಣ್ಣ ಕಿಂಡಿಯ ಅಂಚಿನಲ್ಲಿ ಬೆಳಕು ಹರಡಿಕೊಳ್ಳುವುದು ಇದಕ್ಕೆ ಕಾರಣ. 1:1ರಲ್ಲಿ ಎಫ್/22 ಅಂದರೆ ಕೆಲಸಕ್ಕೆ ಬರುವಾಗ ಅದು ಎಫ್/44. ಈಗ ನಾನು ಎಫ್/8ರಿಂದ ಎಫ್/11ರ ಆಚೆ ಹೋಗುವುದು ಅಪರೂಪ.

ಬೆಳಕಿನ ವಿಷಯಕ್ಕೆ ಬಂದರೆ, ನನ್ನ ಜಾಸ್ತಿ ಸಮಯ ತಿಂದದ್ದು ಇದೇ. ಎಫ್/11ರಲ್ಲಿ ಒಳಗೆ ಬರುವ ಬೆಳಕು ಸಾಲದು, ಫ್ಲಾಶ್ ಬೇಕೇ ಬೇಕು. ಫ್ಲಾಶಿನಲ್ಲಿ ಒಂದು ಲಾಭವೂ ಇದೆ. ಕಡಿಮೆ ಶಕ್ತಿಯಲ್ಲಿ ಇಟ್ಟರೆ ಅದು ಸೆಕೆಂಡಿನ ಹತ್ತು ಸಾವಿರದ ಒಂದು ಭಾಗದಷ್ಟು ಹೊತ್ತು ಮಾತ್ರ ಮಿಂಚುತ್ತದೆ. ಕೈ ನಡುಗಿದ್ದು ಚಿತ್ರಕ್ಕೆ ಗೊತ್ತೇ ಆಗುವುದಿಲ್ಲ. ಆದರೆ ಬರಿಯ ಫ್ಲಾಶ್ ಹೊಡೆದರೆ ಕೀಟ ಪೊಲೀಸರ ಟಾರ್ಚಿಗೆ ಸಿಕ್ಕ ಕಳ್ಳನ ಹಾಗೆ ಕಾಣುತ್ತದೆ. ದುಂಬಿಯ ಬೆನ್ನು ಕನ್ನಡಿ ಇದ್ದಂತೆ, ಅದರ ಮೇಲೆ ಬಿಳಿ ಚುಕ್ಕೆಯೊಂದು ಸುಟ್ಟ ಗಾಯದ ಹಾಗೆ ಉಳಿಯುತ್ತದೆ.

ಅದಕ್ಕೆ ಫ್ಲಾಶಿನ ಬೆಳಕನ್ನು ಹರಡಿ ಮೆತ್ತಗೆ ಮಾಡುವ ಡಿಫ್ಯೂಸರ್ ಮಾಡಲು ಕೂತೆ. ಮೊದಲನೆಯದು ಟ್ರೇಸಿಂಗ್ ಕಾಗದದ್ದು, ಇಬ್ಬನಿಗೆ ನೆನೆದು ಮುದುಡಿತು. ಎರಡನೆಯದು ಹಾಲುಬಿಳಿ ಪ್ಲಾಸ್ಟಿಕ್ ಡಬ್ಬಿ, ಗಟ್ಟಿಯಾಗಿತ್ತು ಆದರೆ ಚಿಕ್ಕದಾಯಿತು. ಐದನೆಯದು ಸರಿಹೋಯಿತು: ಬಾಗಿಸಿದ ತೆಳು ಪ್ಲಾಸ್ಟಿಕ್ ಹಾಳೆ, ಲೆನ್ಸಿನ ತುದಿಯಿಂದ ಕೀಟದ ತಲೆಯ ಮೇಲಿನವರೆಗೂ ಚಾಚುವಂಥದ್ದು. ಡಿಫ್ಯೂಸರ್ ಎಷ್ಟು ದೊಡ್ಡದೋ, ಎಷ್ಟು ಹತ್ತಿರವೋ, ಬೆಳಕು ಅಷ್ಟು ಮೆತ್ತಗೆ. ಈಗ ದುಂಬಿಯ ಬೆನ್ನಲ್ಲಿ ಮೋಡ ಕವಿದ ಆಕಾಶದಂಥ ಪ್ರತಿಬಿಂಬ ಬೀಳುತ್ತದೆ.

ಹಿನ್ನೆಲೆ ಕಪ್ಪಾಗುವುದು ಇನ್ನೊಂದು ತಲೆನೋವು. ಹಗಲಲ್ಲಿ ತೆಗೆದರೂ ಅಮಾವಾಸ್ಯೆ ರಾತ್ರಿಯಂತೆ ಕಾಣುತ್ತದೆ. ಫ್ಲಾಶಿನ ಬೆಳಕು ಹತ್ತು ಸೆಂಟಿಮೀಟರ್ ದೂರದ ಕೀಟವನ್ನು ಮುಟ್ಟುವಾಗ ಇದ್ದದ್ದರಲ್ಲಿ, ಒಂದು ಮೀಟರ್ ದೂರದ ಎಲೆಗೆ ಸಿಗುವುದು ನೂರರಲ್ಲಿ ಒಂದು ಪಾಲು. ಹಾಗಾಗಿ ಹಿಂದೆ ಹತ್ತಿರದಲ್ಲೇ ಒಂದು ಎಲೆಯೋ ಹೂವೋ ಬರುವ ಹಾಗೆ ಕೋನ ಹುಡುಕುತ್ತೇನೆ. ಕೆಲವರಿಗೆ ಕಪ್ಪು ಹಿನ್ನೆಲೆಯೇ ಇಷ್ಟ. ನನಗೆ ಅದು ಕೀಟವನ್ನು ಮನೆಯಿಂದ ಹೊರಹಾಕಿದಂತೆ ಕಾಣುತ್ತದೆ.

ಕೀಟ ಕೂತಲ್ಲೇ ಕೂರಬೇಕಾದರೆ ಬೆಳಗಾಗುವ ಮೊದಲೇ ಹೋಗಬೇಕು. ಅವುಗಳ ಮೈ ಬಿಸಿಯಾಗುವುದು ಬಿಸಿಲಿನಿಂದ. ತಂಪು ಹೊತ್ತಿನಲ್ಲಿ ಏರೋಪ್ಲೇನ್ ಚಿಟ್ಟೆಗೆ ಹಾರುವ ಶಕ್ತಿಯೇ ಇರುವುದಿಲ್ಲ, ರೆಕ್ಕೆ ತುಂಬ ಇಬ್ಬನಿ ಹೊತ್ತು ನೇತಾಡುತ್ತಿರುತ್ತದೆ. ಅದರ ಒಂದೊಂದು ಕಣ್ಣಿನಲ್ಲಿ ಸಾವಿರಾರು ಪುಟ್ಟ ಕಣ್ಣುಗಳಿವೆ. ಅಷ್ಟನ್ನೂ ನನ್ನ ಕಡೆಗೇ ಇಟ್ಟಿದ್ದರೂ ಕದಲುವುದಿಲ್ಲ. ಬಿಸಿಲು ಬಿದ್ದು ಸ್ವಲ್ಪ ಹೊತ್ತಿಗೆ ರೆಕ್ಕೆ ನಡುಗಿಸಿ ಮೈ ಕಾಯಿಸಿಕೊಳ್ಳುತ್ತದೆ. ಅದೇ ಕೊನೆಯ ಗಂಟೆ.

ಈ ಇಬ್ಬನಿ ಹನಿಗಳಿಂದ ನಾನು ಮತ್ತೊಂದು ಸಲ ಮೋಸ ಹೋದೆ. ಹುಲ್ಲಿನ ತುದಿಯ ಹನಿಯೊಳಗೆ ಹಿಂದಿನ ಹೂವು ತಲೆಕೆಳಗಾಗಿ ಕಾಣುತ್ತದೆ ಅಲ್ವಾ? ಅದನ್ನು ಹಿಡಿಯಲು ಹನಿಯ ಅಂಚಿಗೆ ಫೋಕಸ್ ಮಾಡಿದೆ. ಅಂಚು ಚೂಪು, ಹೂವು ಮಂಜು. ಹನಿ ತಾನೇ ಒಂದು ಲೆನ್ಸ್, ಅದರ ಚಿತ್ರ ಮೂಡುವ ಜಾಗ ಬೇರೆ, ಅಂಚು ಇರುವ ಜಾಗ ಬೇರೆ. ನನ್ನ ಒಂದು ಮಿಲಿಮೀಟರ್ ಎರಡಕ್ಕೂ ಸಾಲುವುದಿಲ್ಲ. ಹೂವನ್ನೇ ಆರಿಸಿಕೊಂಡೆ, ಅಂಚು ಹೋದರೆ ಹೋಗಲಿ.

ಚಿಟ್ಟೆಯ ವಿಷಯದಲ್ಲಿ ಹೀಗೆ ಬಿಟ್ಟುಕೊಡಬೇಕಾಗಿಲ್ಲ. ರೆಕ್ಕೆ ಮಡಚಿ ಕೂತಾಗ ಅದು ಕಾಗದದಷ್ಟೇ ದಪ್ಪ. ಸೆನ್ಸರಿಗೆ ಸರಿಯಾಗಿ ಸಮಾನಾಂತರವಾಗಿ ನಿಂತರೆ ಇಡೀ ರೆಕ್ಕೆ ಆ ಒಂದು ಮಿಲಿಮೀಟರಿನೊಳಗೆ ಬರುತ್ತದೆ, ಮೇಲಿನ ಹುರುಪೆಗಳು ಮನೆಯ ಹೆಂಚಿನ ಹಾಗೆ ಸಾಲಾಗಿ ಕಾಣುತ್ತವೆ. ನೆಗೆಯುವ ಜೇಡಕ್ಕೆ ಇದು ನಡೆಯದು. ಅದಕ್ಕೆ ಎಂಟು ಕಣ್ಣು, ಎದುರಿನ ಎರಡು ದೊಡ್ಡವು. ಆ ಎರಡೂ ಒಂದೇ ಸಮನಾಗಿ ಬಂದರೆ ಉಳಿದದ್ದು ಮಂಜಾದರೂ ಪರವಾಗಿಲ್ಲ. ಲೆನ್ಸ್ ಕಂಡರೆ ಅದೇ ತಿರುಗಿ ನೋಡುತ್ತದೆ, ಇಷ್ಟು ಸಹಕರಿಸುವ ಮಾಡೆಲ್ ಬೇರೆ ಸಿಗಲಿಕ್ಕಿಲ್ಲ. ಎರಡು ಚಿತ್ರಗಳ ನಡುವೆ ಅದರ ಕಣ್ಣಿನ ಬಣ್ಣ ಬದಲಾದದ್ದು ಕಂಡು ಮೊದಲು ಕ್ಯಾಮೆರಾ ಕೆಟ್ಟಿತು ಅಂದುಕೊಂಡಿದ್ದೆ. ಕಣ್ಣಿನ ಹೊರಭಾಗ ಅಲುಗಾಡದೆ ಒಳಗಿನ ಅಕ್ಷಿಪಟ ಮಾತ್ರ ಆಚೀಚೆ ಸರಿಯುತ್ತದಂತೆ. ಸರಿದಾಗ ಬಣ್ಣ ಬೇರೆ ಕಾಣುತ್ತದೆ.

ಹೂವಿಗೆ ಓಡಿಹೋಗುವ ಭಯವಿಲ್ಲ. ಅಲ್ಲಿ ಸ್ಟ್ಯಾಕಿಂಗ್ ಮಾಡುತ್ತೇನೆ: ಫೋಕಸನ್ನು ಕೂದಲೆಳೆಯಷ್ಟು ಸರಿಸುತ್ತಾ ಇಪ್ಪತ್ತು ಮೂವತ್ತು ಚಿತ್ರ ತೆಗೆದು, ಕಂಪ್ಯೂಟರಿನಲ್ಲಿ ಪ್ರತಿಯೊಂದರ ಚೂಪು ಭಾಗವನ್ನು ಮಾತ್ರ ಸೇರಿಸುವುದು. ಹೆಲಿಕಾನ್ ಫೋಕಸ್, ಝೆರೀನ್ ಸ್ಟ್ಯಾಕರ್ ಇಂಥ ಕೆಲಸಕ್ಕೇ ಇರುವ ಸಾಫ್ಟ್‌ವೇರ್. ದಾಸವಾಳದ ಪರಾಗವನ್ನು ಹೀಗೆ ತೆಗೆದಾಗ ಒಂದೊಂದು ಕಣವೂ ಮುಳ್ಳು ತುಂಬಿದ ಹಳದಿ ಚೆಂಡಾಗಿ ಕಂಡಿತು. ನಾಚಿಕೆ ಮುಳ್ಳಿನ ಗುಲಾಬಿ ಉಂಡೆ ಒಂದು ಹೂವಲ್ಲ, ಹತ್ತಾರು ಹೂಗಳ ಗೊಂಚಲು ಅನ್ನುವುದೂ ಹೀಗೇ ಗೊತ್ತಾದದ್ದು.

ಕೀಟ ಅಲುಗಾಡದಿರಲಿ ಅಂತ ಫ್ರಿಜ್‌ನಲ್ಲಿ ಇಡುವವರು, ಅಂಟು ಹಚ್ಚುವವರು ಇದ್ದಾರೆ. ಅಂಥ ಚಿತ್ರ ನೋಡಿದವರಿಗೆ ಸುಲಭವಾಗಿ ತಿಳಿಯುತ್ತದೆ, ಕಾಲು ಕೂತ ರೀತಿಯೇ ಬೇರೆ. ನನಗೆ ಅದು ಬೇಡ.

ಈಗ ನನ್ನನ್ನು ಕಾಡುತ್ತಿರುವುದು ನೀಲಿ ಪಟ್ಟೆಯ ಒಂಟಿ ಜೇನು. ಗಂಡು ಜೇನುಗಳು ಸಂಜೆಯಾದರೆ ಒಣಗಿದ ಕಡ್ಡಿಯನ್ನು ದವಡೆಯಲ್ಲಿ ಕಚ್ಚಿ ಹಿಡಿದು, ಸಾಲಾಗಿ ನಿದ್ದೆ ಮಾಡುತ್ತವೆ. ಒಂದೇ ಕಡ್ಡಿಗೆ ದಿನಾ ಬರುವುದೂ ಉಂಟು. ನನಗೆ ಸಿಕ್ಕ ಕಡ್ಡಿಯಲ್ಲಿ ಮೂರು ಇದ್ದವು, ಆದರೆ ಕಡ್ಡಿ ನನ್ನ ಕಡೆಗೆ ಓರೆಯಾಗಿತ್ತು. ಎರಡರ ಕಣ್ಣು ಬಂದಿತು, ಮೂರನೆಯದು ಹಿಂದಕ್ಕೆ ಉಳಿಯಿತು. ಮಾರನೆಯ ಸಂಜೆ ಮೊದಲೇ ಹೋಗಿ ಕಡ್ಡಿಯ ಎದುರು ನೇರವಾಗಿ ಕೂರುವ ಜಾಗ ಗುರುತು ಮಾಡಿಕೊಂಡೆ. ಮೂರೂ ಬಂದವು. ಕಡ್ಡಿ ಸರಿ, ಬೆಳಕು ಸರಿ, ಗಾಳಿ ಇಲ್ಲ. ಈ ಸಲ ನಡುವಿನದು ಮಲಗುವಾಗ ಮುಖವನ್ನು ಆ ಕಡೆಗೆ ತಿರುಗಿಸಿಕೊಂಡಿತ್ತು.