ಡ್ಯೂ ಡೇಟುಗಳ ನಡುವೆ ಹುಬ್ಬಳ್ಳಿಯಿಂದ ಧಾರವಾಡಕ್ಕೆ ಓಟ

ಹುಬ್ಬಳ್ಳಿಯಲ್ಲಿ ನಾನು ಲೆಕ್ಕಪರಿಶೋಧಕನಾಗಿ ಹದಿನೆಂಟು ವರ್ಷಗಳಾದವು. ನಮ್ಮ ಕಚೇರಿಯ ವರ್ಷವೆಂದರೆ ಡ್ಯೂ ಡೇಟುಗಳ, ಅಂದರೆ ಸಲ್ಲಿಕೆಯ ಕೊನೆಯ ದಿನಗಳ, ಸರಮಾಲೆ. ಪ್ರತಿ ತಿಂಗಳ 11ಕ್ಕೆ ಮಾರಾಟದ ವಿವರ ಕೊಡುವ ಜಿಎಸ್‌ಟಿಆರ್-1, 20ಕ್ಕೆ ತೆರಿಗೆ ಕಟ್ಟುವ 3ಬಿ, ಏಪ್ರಿಲ್‌ನಲ್ಲಿ ಬ್ಯಾಂಕ್ ಶಾಖೆಗಳ ಆಡಿಟ್, ಜುಲೈ 31ಕ್ಕೆ ಸಾಮಾನ್ಯ ಆದಾಯ ತೆರಿಗೆ ರಿಟರ್ನುಗಳು, ಸೆಪ್ಟೆಂಬರ್ 30ಕ್ಕೆ ಟ್ಯಾಕ್ಸ್ ಆಡಿಟ್ ವರದಿ, ಅಕ್ಟೋಬರ್ 31ಕ್ಕೆ ಆಡಿಟ್ ಆದವರ ರಿಟರ್ನು, ಡಿಸೆಂಬರ್ 31ಕ್ಕೆ ಜಿಎಸ್‌ಟಿ ವಾರ್ಷಿಕ ರಿಟರ್ನು. ಈ ನಡುವೆ ಬರುವ ನೋಟಿಸುಗಳಿಗೆ ಯಾವ ತಾರೀಖಿನ ಹಂಗೂ ಇಲ್ಲ. ಇಂಥ ಕೆಲಸದಲ್ಲಿದ್ದುಕೊಂಡು ಓಡಲು ಕಲಿತದ್ದು ಹೇಗೆ, ಆ ಓಟದಿಂದ ನಾಲ್ಕು ಜನರಿಗೆ ಉಪಯೋಗವಾಗುವಂತೆ ಮಾಡಲು ಹೋಗಿ ಎಲ್ಲಿ ಎಡವಿದೆ ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ.

2021ರ ಅಕ್ಟೋಬರ್‌ನಲ್ಲಿ, ವಿಮೆಯ ಪಾಲಿಸಿಯೊಂದಕ್ಕಾಗಿ ಮಾಡಿಸಿದ ತಪಾಸಣೆಯಲ್ಲಿ ನನ್ನ ರಕ್ತದೊತ್ತಡ 146/94 ಎಂದೂ, ಮೂರು ತಿಂಗಳ ಸರಾಸರಿ ಸಕ್ಕರೆಯನ್ನು ತಿಳಿಸುವ ಎಚ್‌ಬಿಎ1ಸಿ 6.2 ಎಂದೂ ಬಂತು. 5.7ರಿಂದ 6.4ರವರೆಗಿನದು ಮಧುಮೇಹದ ಹೊಸ್ತಿಲು ಎಂದು ವೈದ್ಯರು ತಿಳಿಸಿದರು. ನನಗಾಗ ನಲವತ್ತೊಂದು ವರ್ಷ. ಬೇರೆಯವರ ಬ್ಯಾಲೆನ್ಸ್ ಶೀಟಿನಲ್ಲಿ ಇಂಥ ಅಂಕಿ ಕಂಡಿದ್ದರೆ ಆ ದಿನವೇ ಕರೆದು ಕೂರಿಸಿ ಬುದ್ಧಿ ಹೇಳುತ್ತಿದ್ದವನು, ನನ್ನ ವರದಿಯನ್ನು ಮಾತ್ರ ಹದಿನೈದು ದಿನ ಡ್ರಾವರಿನಲ್ಲಿ ಇಟ್ಟುಕೊಂಡಿದ್ದೆ. ಹೆಂಡತಿಯ ಕೈಗೆ ಸಿಕ್ಕ ಮೇಲೆ ಬೇರೆ ದಾರಿ ಉಳಿಯಲಿಲ್ಲ.

ಉಣಕಲ್ ಕೆರೆಯ ದಂಡೆಯಲ್ಲಿ ಆರಂಭಿಸಿದೆ. ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ, ಹೀಗೆ ಎಂಟು ಸುತ್ತು, ಒಟ್ಟು ಇಪ್ಪತ್ತನಾಲ್ಕು ನಿಮಿಷ. ಮೊದಲ ವಾರ ಆ ಒಂದು ನಿಮಿಷವೂ ಮುಗಿಯುತ್ತಿರಲಿಲ್ಲ. ಪಕ್ಕದವರೊಡನೆ ಮಾತನಾಡಲು ಆಗುವಷ್ಟು ನಿಧಾನವಾಗಿ ಓಡಬೇಕು, ಮಾತು ತುಂಡಾದರೆ ವೇಗ ಹೆಚ್ಚಾಯಿತೆಂದೇ ಅರ್ಥ ಎಂಬ ಒಂದೇ ನಿಯಮವನ್ನು ಹಿಡಿದುಕೊಂಡಿದ್ದರಿಂದ, ಫೆಬ್ರವರಿಯ ಹೊತ್ತಿಗೆ ನಿಲ್ಲದೆ ಐದು ಕಿಲೋಮೀಟರ್ ಓಡುವುದು ಸಾಧ್ಯವಾಯಿತು. ಓಡಿದ ದೂರವನ್ನು ಮೊಬೈಲಿನ ಆ್ಯಪ್‌ಗೆ ಬಿಡದೆ, ಅಂಗಡಿಕಾರರು ಬಳಸುವ ಕೆಂಪು ಬಟ್ಟೆಯ ಹೊದಿಕೆಯ ಒಂದು ಕಿರ್ದಿ ಪುಸ್ತಕದಲ್ಲಿ ಬರೆಯುತ್ತ ಬಂದೆ. ಎಡಕ್ಕೆ ತಾರೀಖು ಮತ್ತು ದೂರ, ಬಲಕ್ಕೆ ಹಿಂದಿನ ರಾತ್ರಿ ಮಲಗಿದ ಗಂಟೆಗಳು. ಈ ಬಲಗಡೆಯ ಕಾಲಂ ಮುಂದೆ ಎಷ್ಟು ಕೆಲಸಕ್ಕೆ ಬಂತೆಂದರೆ, ಈಗ ಯಾರಾದರೂ ಕೇಳಿದರೆ ಶೂಗಿಂತ ಮೊದಲು ಅದನ್ನೇ ಹೇಳುತ್ತೇನೆ.

ಏಕೆಂದರೆ ಮೊದಲ ವರ್ಷ ನಾನು ಮಾಡಿದ ತಪ್ಪೆಲ್ಲ ಆ ಕಾಲಂನಲ್ಲಿಯೇ ಇತ್ತು. ಓಟವೆಂದರೆ ಶಿಸ್ತು, ಶಿಸ್ತೆಂದರೆ ವರ್ಷವಿಡೀ ಒಂದೇ ಸಮನಾಗಿ ಮಾಡುವುದು ಎಂದು ತಿಳಿದು, 2022ರ ಸೆಪ್ಟೆಂಬರ್‌ನಲ್ಲಿಯೂ ವಾರಕ್ಕೆ ಐದು ದಿನದ ಓಟವನ್ನು ಬಿಡಲಿಲ್ಲ. ರಾತ್ರಿ ಹನ್ನೆರಡೂವರೆಗೆ ಕಚೇರಿಯ ಶಟರ್ ಎಳೆದು, ಬೆಳಿಗ್ಗೆ ಐದಕ್ಕೆ ಕೆರೆಯ ದಂಡೆಯಲ್ಲಿರುತ್ತಿದ್ದೆ. ಕಿರ್ದಿಯ ಬಲಗಡೆ ನಾಲ್ಕು, ನಾಲ್ಕೂವರೆ, ಮತ್ತೆ ನಾಲ್ಕು. ತಿಂಗಳ ಮೂರನೆಯ ವಾರದಲ್ಲಿ ಒಂದು ಬೆಳಿಗ್ಗೆ ಹಾಸಿಗೆಯಿಂದ ಎದ್ದು ಕಾಲು ನೆಲಕ್ಕೆ ಊರಿದಾಗ ಎಡ ಹಿಮ್ಮಡಿಗೆ ಮೊಳೆ ಹೊಡೆದಂತಾಯಿತು. ಹತ್ತು ಹೆಜ್ಜೆ ಹಾಕಿದರೆ ನೋವು ಇಳಿಯುತ್ತಿತ್ತು, ಕುರ್ಚಿಯಲ್ಲಿ ಒಂದು ತಾಸು ಕುಳಿತು ಎದ್ದರೆ ಮತ್ತೆ ಅದೇ ಮೊಳೆ. ಅಂಗಾಲಿನ ಉದ್ದಕ್ಕೂ ಹಾದುಹೋಗುವ ಗಟ್ಟಿ ಪಟ್ಟಿಗೆ ಹಿಮ್ಮಡಿಯ ಬಳಿ ಪೆಟ್ಟಾಗಿದೆ, ಇದಕ್ಕೆ ಪ್ಲಾಂಟರ್ ಫ್ಯಾಸಿಯೈಟಿಸ್ ಎನ್ನುತ್ತಾರೆ ಎಂದು ಫಿಸಿಯೋಥೆರಪಿಯವರು ವಿವರಿಸಿ, ಆರು ವಾರ ಓಟ ನಿಲ್ಲಿಸಿದರು. ನೀರು ತುಂಬಿದ ಪ್ಲಾಸ್ಟಿಕ್ ಬಾಟಲಿಯನ್ನು ಫ್ರೀಜರ್‌ನಲ್ಲಿ ಗಡ್ಡೆ ಕಟ್ಟಿಸಿ, ಅದನ್ನು ಅಂಗಾಲಿನ ಕೆಳಗೆ ಉರುಳಿಸುತ್ತ ನಾನು ಆ ಸೆಪ್ಟೆಂಬರ್‌ನ ಕೊನೆಯ ಆಡಿಟ್ ವರದಿಗಳಿಗೆ ಸಹಿ ಹಾಕಿದೆ. ಮೇಜಿನ ಕೆಳಗಿನ ಬಾಟಲಿ ಒಂದೆರಡು ಸಲ ಕಕ್ಷಿದಾರರ ಕಾಲಿಗೂ ಉರುಳಿತು.

ಆ ಆರು ವಾರಗಳ ವಿರಾಮದಲ್ಲಿ ಕಿರ್ದಿಯನ್ನೂ ಡ್ಯೂ ಡೇಟುಗಳ ಕ್ಯಾಲೆಂಡರನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದೆ. ದಿನದಿನವೂ ಸರಿದೂಗಿಸುವ ಪ್ರಯತ್ನವೇ ದಂಡ, ವರ್ಷದ ಲೆಕ್ಕದಲ್ಲಿ ಸರಿದೂಗಿದರೆ ಸಾಕು ಎಂಬುದು ಆಗ ಹೊಳೆಯಿತು. ಕಿರಾಣಿ ಅಂಗಡಿಯವನು ಶ್ರಾವಣದ ಮಾರಾಟವನ್ನು ಆಷಾಢದಲ್ಲಿ ನಿರೀಕ್ಷಿಸುವುದಿಲ್ಲ. ನವೆಂಬರ್‌ನಿಂದ ಫೆಬ್ರವರಿಯವರೆಗೆ ನಮ್ಮ ಕಚೇರಿ ಸ್ವಲ್ಪ ಉಸಿರಾಡುತ್ತದೆ, ಹುಬ್ಬಳ್ಳಿಯ ಬೆಳಗೂ ಆಗಲೇ ತಂಪಾಗಿರುತ್ತದೆ. ಆದ್ದರಿಂದ ದೂರದ ಓಟವೆಲ್ಲ ಆ ನಾಲ್ಕು ತಿಂಗಳಿಗೆ. ಡಿಸೆಂಬರ್‌ನ ಕೊನೆಯ ವಾರವನ್ನು ವಾರ್ಷಿಕ ರಿಟರ್ನಿಗೆ ಬಿಟ್ಟುಕೊಡುತ್ತೇನೆ. ಏಪ್ರಿಲ್, ಜುಲೈ, ಸೆಪ್ಟೆಂಬರ್‌ಗಳಲ್ಲಿ ವಾರಕ್ಕೆ ಮೂರು ದಿನ, ದಿನಕ್ಕೆ ಇಪ್ಪತ್ತೈದು ನಿಮಿಷ, ಅದೂ ಹಿಂದಿನ ರಾತ್ರಿ ಆರು ತಾಸು ನಿದ್ದೆಯಾಗಿದ್ದರೆ ಮಾತ್ರ. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ಹೇಳುವ ಕನಿಷ್ಠ ಪ್ರಮಾಣವೇ ವಾರಕ್ಕೆ 75 ನಿಮಿಷಗಳ ಬಿರುಸಿನ ವ್ಯಾಯಾಮ ಅಥವಾ 150 ನಿಮಿಷಗಳ ಮಧ್ಯಮ ವ್ಯಾಯಾಮವಾದ್ದರಿಂದ, ಸೆಪ್ಟೆಂಬರ್‌ನಲ್ಲಿಯೂ ನಾನು ಸಾಲಗಾರನಾಗುವುದಿಲ್ಲ.

ಮನೆಯ ಲೆಕ್ಕ ಬೇರೆ. ನಮ್ಮಲ್ಲಿ ನಳದ ನೀರು ದಿನಾ ಬರುವುದಿಲ್ಲ. ಬರುವ ದಿನ ಯಾವ ಹೊತ್ತಿಗೆ ಬರುತ್ತದೆಂಬುದೂ ಖಾತ್ರಿಯಿಲ್ಲ. ಹೆಂಡತಿ ಹೈಸ್ಕೂಲಿನಲ್ಲಿ ಶಿಕ್ಷಕಿ, ಎಂಟೂಕಾಲಕ್ಕೆ ಮನೆ ಬಿಡಬೇಕು. ಮೊದಲ ವರ್ಷ ನಾನು ಕೆರೆಯ ದಂಡೆಯಲ್ಲಿರುವಾಗ ಆಕೆ ಒಂದು ಕಡೆ ರೊಟ್ಟಿ, ಇನ್ನೊಂದು ಕಡೆ ನೀರಿನ ಪೈಪು ಹಿಡಿದು ಒದ್ದಾಡಿದ್ದುಂಟು. "ನಿಮ್ಮ ಆರೋಗ್ಯಕ್ಕ ನಾ ಓಡಾಕತ್ತೀನ್ರೀ" ಎಂದು ಆಕೆ ಒಂದು ದಿನ ಹೇಳಿದ ಮೇಲೆ ನಿಯಮ ಬದಲಾಯಿತು. ನೀರು ಬರುವ ದಿನ ಓಟವಿಲ್ಲ. ಅಂದು ನೀರು ತುಂಬಿಸುವುದು ನನ್ನ ಕೆಲಸ, ಟಾಕಿ ತುಂಬುವ ಹೊತ್ತಿನಲ್ಲಿ ಮೆಟ್ಟಿಲಿನ ಅಂಚಿನಲ್ಲಿ ನಿಂತು ಮೀನಖಂಡದ ವ್ಯಾಯಾಮ. ಹಿಮ್ಮಡಿ ಮತ್ತೆ ನೋಯದಿರುವುದಕ್ಕೆ ಈ ನೀರಿನ ದಿನಗಳೇ ಕಾರಣವೆಂದು ನನ್ನ ನಂಬಿಕೆ.

ಉಳಿದ ಸಣ್ಣ ಸಂಗತಿಗಳು ಇಷ್ಟು. ಮಳೆಯಾದ ಮರುದಿನ ಯರಿಮಣ್ಣಿನ ದಾರಿಗೆ ಇಳಿಯಬಾರದು, ನೂರು ಹೆಜ್ಜೆಗೆ ಒಂದೊಂದು ಶೂ ಒಂದೊಂದು ಕಿಲೋ ಆಗುತ್ತದೆ. ಬೀದಿನಾಯಿಗಳು ಬೊಗಳಿದರೆ ಓಟ ನಿಲ್ಲಿಸಿ ನಡೆಯಬೇಕು. ಏರುದಾರಿಯ ಅಭ್ಯಾಸಕ್ಕೆ ನೃಪತುಂಗ ಬೆಟ್ಟ ಸಾಕು. ಬೆಳಿಗ್ಗೆ ಏಳರವರೆಗೆ ಫೋನು ಮನೆಯಲ್ಲಿರಬೇಕು. ಅಷ್ಟು ಹೊತ್ತಿಗೆ ಮುಳುಗಿಹೋಗುವ ಫೈಲು ಯಾವುದೂ ಇಲ್ಲ.

ದೇಣಿಗೆಯ ವಿಚಾರ ಬಂದದ್ದು 2023ರ ಜನವರಿಯಲ್ಲಿ. 2004ರಲ್ಲಿ ಆರಂಭವಾದ ಮುಂಬೈ ಮ್ಯಾರಥಾನ್, 2008ರಲ್ಲಿ ಆರಂಭವಾದ ಬೆಂಗಳೂರಿನ ವರ್ಲ್ಡ್ 10ಕೆ ಇವುಗಳಲ್ಲಿ ಓಡುವವರು ಸಂಘ-ಸಂಸ್ಥೆಗಳಿಗಾಗಿ ಹಣ ಕೂಡಿಸುವುದನ್ನು ಕೇಳಿದ್ದೆ. ಅಲ್ಲಿಯವರೆಗೆ ಹೋಗಿಬರುವ ಖರ್ಚು, ಪ್ರವೇಶ ಶುಲ್ಕ, ಎರಡು ದಿನದ ರಜೆ ಇವನ್ನೆಲ್ಲ ಕೂಡಿಸಿದಾಗ, ಅಷ್ಟನ್ನು ನೇರವಾಗಿ ಕೊಟ್ಟುಬಿಡುವುದೇ ಮೇಲೆನಿಸಿತು. ನಮ್ಮೂರಿನಲ್ಲಿಯೇ ದೇವರು ಕೊಟ್ಟ ದಾರಿಯೊಂದಿದೆ. ಹುಬ್ಬಳ್ಳಿಯ ರೈಲು ನಿಲ್ದಾಣದ ಎದುರಿನಿಂದ ಹೊರಟು ಉಣಕಲ್, ಭೈರಿದೇವರಕೊಪ್ಪ, ನವನಗರ, ರಾಯಾಪುರ, ಸತ್ತೂರು, ನವಲೂರು ದಾಟಿ, ಟೋಲ್ ನಾಕಾ, ಜುಬಿಲಿ ಸರ್ಕಲ್ ಹಾದು ಧಾರವಾಡದ ಕರ್ನಾಟಕ ಕಾಲೇಜಿನ ದ್ವಾರ ಮುಟ್ಟಿದರೆ ನನ್ನ ಗಡಿಯಾರದಲ್ಲಿ 21.3 ಕಿಲೋಮೀಟರ್ ಆಗುತ್ತದೆ. ಅರ್ಧ ಮ್ಯಾರಥಾನಿನ ದೂರ 21.0975 ಕಿಲೋಮೀಟರ್. ಪ್ರವೇಶ ಶುಲ್ಕವಿಲ್ಲ, ಪದಕವಿಲ್ಲ, ಮರಳಿ ಬರಲು ಎರಡೂ ಊರುಗಳ ನಡುವೆ ಓಡುವ ಚಿಗರಿ ಬಸ್ಸಿದೆ. ಧಾರವಾಡ ಹುಬ್ಬಳ್ಳಿಗಿಂತ ಎತ್ತರದಲ್ಲಿರುವುದು ಬಸ್ಸಿನಲ್ಲಿ ಗೊತ್ತಾಗುವುದಿಲ್ಲ, ನವಲೂರಿನ ನಂತರ ತೊಡೆಗಳಿಗೆ ಚೆನ್ನಾಗಿ ಗೊತ್ತಾಗುತ್ತದೆ. ಕಿಲೋಮೀಟರಿಗೆ ಇಂತಿಷ್ಟು ಎಂದು ಪರಿಚಿತರಿಂದ ಮಾತು ಪಡೆದು, ಫೆಬ್ರವರಿಯ ಒಂದು ಭಾನುವಾರ ಓಡಿದೆ. ಹಿಮ್ಮಡಿಯ ಭಯಕ್ಕೆ ನಡುನಡುವೆ ನಡೆದು ಎರಡು ತಾಸು ಐವತ್ತೆರಡು ನಿಮಿಷಕ್ಕೆ ಮುಟ್ಟಿದೆ.

ಹಣ ಹೋಗಬೇಕಾಗಿದ್ದುದು ಕ್ಯಾನ್ಸರ್ ಚಿಕಿತ್ಸೆಗೆಂದು ಹಳ್ಳಿಗಳಿಂದ ಬರುವ ಬಡ ರೋಗಿಗಳ ಜೊತೆಗಾರರಿಗೆ ಊಟ-ವಸತಿ ನೋಡಿಕೊಳ್ಳುವ ಒಂದು ಸಣ್ಣ ಟ್ರಸ್ಟಿಗೆ. ನಲವತ್ತೊಂದು ಜನ ಕೊಟ್ಟ 63,400 ರೂಪಾಯಿ, ಫೋನ್‌ಪೇ, ಗೂಗಲ್‌ಪೇ ಮೂಲಕ ನನ್ನ ಸ್ವಂತ ಉಳಿತಾಯ ಖಾತೆಗೇ ಬಂತು. ವರ್ಷಾನುಗಟ್ಟಲೆ ಬೇರೆಯವರಿಗೆ ಸ್ವಂತದ ಹಣವನ್ನೂ ವ್ಯವಹಾರದ ಹಣವನ್ನೂ ಕೂಡಿಸಬೇಡಿ ಎಂದು ಹೇಳುತ್ತ ಬಂದವನು ಮಾಡಿದ ಕೆಲಸವಿದು. ಸೋದರಮಾವನೊಬ್ಬರು "80ಜಿ ಪಾವತಿ ಯಾವಾಗ ಬರತೈತಿ?" ಎಂದು, ದೇಣಿಗೆಗೆ ತೆರಿಗೆ ವಿನಾಯಿತಿ ಕೊಡುವ 80ಜಿ ಕಲಮಿನ ರಸೀದಿಗಾಗಿ, ಫೋನ್ ಮಾಡಿದಾಗಲೇ ನನಗೆ ಬೆವರಿಳಿದದ್ದು. ನನ್ನ ಖಾತೆಯಿಂದ ಒಟ್ಟಾಗಿ ಕಳಿಸಿದರೆ ಟ್ರಸ್ಟಿನ ಲೆಕ್ಕದಲ್ಲಿ ದಾನಿ ನಾನೊಬ್ಬನೇ. ಟ್ರಸ್ಟಿನವರು ದಾನಿಗಳ ವಿವರವನ್ನು ಪ್ಯಾನ್ ಸಮೇತ 10ಬಿಡಿ ನಮೂನೆಯಲ್ಲಿ ಮೇ 31ರೊಳಗೆ ಸಲ್ಲಿಸಿ, ಪ್ರತಿಯೊಬ್ಬರಿಗೂ 10ಬಿಇ ಪ್ರಮಾಣಪತ್ರ ಕೊಡಬೇಕಿತ್ತು. ಆ ಪತ್ರದಲ್ಲಿ ಹೆಸರಿಲ್ಲದವರಿಗೆ ತೆರಿಗೆಯ ವಿನಾಯಿತಿಯೂ ಇಲ್ಲ. ಮಾರ್ಚ್ ಮೊದಲ ವಾರದಲ್ಲಿ ನಲವತ್ತೊಂದು ಜನರಿಗೂ ಹಣ ಮರಳಿಸಿ, ದಯವಿಟ್ಟು ನೇರವಾಗಿ ಟ್ರಸ್ಟಿನ ಖಾತೆಗೆ ಹಾಕಿ ಎಂದು ಒಬ್ಬೊಬ್ಬರಿಗೂ ಫೋನ್ ಮಾಡಿದೆ. ಮೂವತ್ತೈದು ಜನ ಹಾಕಿದರು. ಮರಳಿ ಹೋದ ಹಣ ಮತ್ತೆ ಬರುವುದು ಕಷ್ಟ ಎಂಬುದನ್ನು ಉಳಿದ ಆರು ಜನ ತೋರಿಸಿಕೊಟ್ಟರು. ಕೊರತೆ ಬಿದ್ದ 7,200 ರೂಪಾಯಿಯನ್ನು ನಾನೇ ತುಂಬಿದೆ.

ಮರುವರ್ಷದಿಂದ ಹಣ ನನ್ನ ಕೈಯನ್ನು ಮುಟ್ಟುವುದಿಲ್ಲ. ಟ್ರಸ್ಟಿನ ಕ್ಯೂಆರ್ ಕೋಡನ್ನು ಕಳಿಸುತ್ತೇನೆ, ನನ್ನ ಬಳಿ ಇರುವುದು ಮಾತು ಕೊಟ್ಟವರ ಪಟ್ಟಿ ಮಾತ್ರ. ಆ ಟ್ರಸ್ಟಿನ ಆಡಿಟ್ ಅನ್ನು ನಾನು ಮಾಡುವುದಿಲ್ಲ. ಹಣ ಕೇಳುವವನೇ ಲೆಕ್ಕ ನೋಡುವುದು ಸರಿಯಲ್ಲ. ಹೊಸ ತೆರಿಗೆ ಪದ್ಧತಿಯಲ್ಲಿರುವವರಿಗೆ ಈ ದೇಣಿಗೆಯಿಂದ ವಿನಾಯಿತಿ ಸಿಗದೆಂಬುದನ್ನು ಮೊದಲೇ ತಿಳಿಸುತ್ತೇನೆ. ಹೀಗೆ ಹೇಳಿದರೆ ಕೊಡುವವರು ಕಡಿಮೆಯಾಗುತ್ತಾರೆಂಬ ಅಳುಕಿತ್ತು, ಆದರೆ ಹಿಂದೆ ಸರಿದವರು ಇಬ್ಬರೇ. ಓಟವನ್ನು ಫೆಬ್ರವರಿಯಲ್ಲಿಯೇ ಇಟ್ಟುಕೊಂಡದ್ದಕ್ಕೆ ಈಗ ಇನ್ನೊಂದು ಕಾರಣವೂ ಇದೆ. ಮಾರ್ಚ್ 31ಕ್ಕೆ ಮುನ್ನ ರಸೀದಿ ಬೇಕೆನ್ನುವವರು ಆ ತಿಂಗಳಲ್ಲಿ ಬೇಗ ಕೈ ಬಿಚ್ಚುತ್ತಾರೆ.

ರಕ್ತದೊತ್ತಡ ಈಗ 128/82ರ ಆಸುಪಾಸು, ಎಚ್‌ಬಿಎ1ಸಿ 5.6. ಅನ್ನ ಕಡಿಮೆ ಮಾಡಿ ಜೋಳದ ರೊಟ್ಟಿಗೆ ಮರಳಿದ್ದರ ಪಾಲೂ ಇದರಲ್ಲಿರುವುದರಿಂದ ಎಲ್ಲ ಶ್ರೇಯಸ್ಸನ್ನೂ ಓಟದ ಖಾತೆಗೆ ಜಮಾ ಮಾಡಲಾರೆ. ಕಚೇರಿಯಲ್ಲಿ ತರಬೇತಿಗೆ ಬರುವ ಆರ್ಟಿಕಲ್ ಹುಡುಗರ ಮೇಲೆ ಕೂಗಾಡುವುದು ಕಡಿಮೆಯಾಗಿದೆಯಂತೆ, ಅದನ್ನು ಅವರೇ ಹೇಳಬೇಕು.

2025ರ ಫೆಬ್ರವರಿಯ ಓಟ ಎರಡು ತಾಸು ಇಪ್ಪತ್ತೊಂಬತ್ತು ನಿಮಿಷಕ್ಕೆ ಮುಗಿಯಿತು. ಮರುದಿನ ದುರ್ಗದಬೈಲಿನ ಜವಳಿ ಅಂಗಡಿಯ ಮಾಲೀಕರು ಕಚೇರಿಗೆ ಬಂದರು. ಕಿಲೋಮೀಟರಿಗೆ ನೂರು ರೂಪಾಯಿ ಎಂದು ಮಾತು ಕೊಟ್ಟಿದ್ದವರು, ನನ್ನ ಗಡಿಯಾರದ 21.3ನ್ನು ಕಣ್ಣಾರೆ ನೋಡಿ, 2,130 ರೂಪಾಯಿ ನಗದನ್ನು ಎಣಿಸಿ ಮೇಜಿನ ಮೇಲಿಟ್ಟರು. ಅವರು ಹಳೆಯ ತೆರಿಗೆ ಪದ್ಧತಿಯಲ್ಲಿಯೇ ಉಳಿದವರು. 2,000 ರೂಪಾಯಿ ಮೀರಿದ ನಗದು ದೇಣಿಗೆಗೆ 80ಜಿ ಅಡಿಯಲ್ಲಿ ಒಂದು ಪೈಸೆಯೂ ವಿನಾಯಿತಿ ಸಿಗುವುದಿಲ್ಲ, ಟ್ರಸ್ಟಿನ ಖಾತೆಗೇ ಹಾಕಿ ಎಂದು ನಾನು ನೋಟುಗಳನ್ನು ಅವರ ಕಡೆಗೆ ಸರಿಸಿದೆ. ಅವರು ಕನ್ನಡಕ ತೆಗೆದು ನನ್ನನ್ನು ನೋಡಿ, "ಹಂಗಾರ ಸಾಹೇಬ್ರ, ನೀವು ಒಂದೂವರಿ ಕಿಲೋಮೀಟರ್ ಕಡಿಮಿ ಓಡಿದ್ರ ನಡೀತಿತ್ತಲ್ರೀ!" ಎಂದು ಫೋನ್ ತೆಗೆದರು.