ರಾಜಕಾರಣಿಗಳ ಹೆಸರಿನ ಅರ್ಥ ಹುಡುಕೋದು ಹೇಗೆ (ಬೇಬಿ ನೇಮ್ ಸೈಟ್ ಬಿಟ್ಟು)

ಯಾವುದೇ ರಾಜಕಾರಣಿ ಹೆಸರು ಹಾಕಿ ಪಕ್ಕದಲ್ಲಿ ಅರ್ಥ ಅಂತ ಸರ್ಚ್ ಮಾಡಿ ನೋಡಿ, ಮೊದಲು ಬರೋದೇ ಮಕ್ಕಳಿಗೆ ಹೆಸರಿಡೋ ಸೈಟುಗಳು, ಅಲ್ಲಿ ಎಲ್ಲರೂ ಧೈರ್ಯವಂತರು, ಎಲ್ಲರೂ ತೇಜಸ್ವಿಗಳು, ಜೊತೆಗೊಂದು ಲಕ್ಕಿ ನಂಬರ್. ನಾನೂ ಅದನ್ನ ನಂಬಿ ಒಂದ್ಸಲ ಬರಾಕ್ ಒಬಾಮ ಹೆಸರಿಗೆ ಮಿಂಚು ಅನ್ನೋ ಅರ್ಥ ಅಂತ ಗ್ರೂಪಲ್ಲಿ ಹಾಕಿ ಮರ್ಯಾದೆ ಕಳ್ಕೊಂಡಿದೀನಿ, ಆಮೇಲೆ ಕಲಿತಿದ್ದು ಇದೆಲ್ಲ.

ಮೊದಲನೇ ಕೆಲಸ, ಯಾವ ಭಾಗ ಅವರದ್ದೇ ಹೆಸರು ಅಂತ ನೋಡ್ಕೊಳ್ಳಿ. ಷಿ ಜಿನ್‌ಪಿಂಗ್ ಅಂದ್ರೆ ಷಿ ಮನೆತನದ ಹೆಸರು, ಅಪ್ಪ ಅಮ್ಮ ಇಟ್ಟಿದ್ದು ಜಿನ್‌ಪಿಂಗ್. ಹಂಗೇರಿಯಲ್ಲೂ ಹಾಗೇ, ಅಲ್ಲಿನ ನಾಯಕನನ್ನ ನಾವು ವಿಕ್ಟರ್ ಒರ್ಬಾನ್ ಅಂತೀವಿ, ಅವರ ಊರಲ್ಲಿ ಒರ್ಬಾನ್ ವಿಕ್ಟರ್. ಹೆಚ್.ಡಿ. ದೇವೇಗೌಡರದ್ದು ಇನ್ನೊಂದು ಥರ, ಹೆಚ್ ಅಂದ್ರೆ ಹರದನಹಳ್ಳಿ, ಡಿ ಅಂದ್ರೆ ತಂದೆ ದೊಡ್ಡೇಗೌಡ, ಅವರ ಹೆಸರು ಬರೋದೇ ಕೊನೇಲಿ, ಹಾಗಾಗಿ ಫಾರಂನಲ್ಲಿ ಫಸ್ಟ್ ನೇಮ್ ಅಂತ ಕೇಳಿದ್ರೆ ಮೊದಲು ಬಂದಿದ್ದೇ ಹೆಸರು ಅನ್ಕೋಬೇಡಿ. ಇಂಡೊನೇಷ್ಯಾದ ಮೊದಲ ಅಧ್ಯಕ್ಷ ಸುಕರ್ನೋಗಂತೂ ಇದ್ದಿದ್ದೇ ಒಂದು ಹೆಸರು.

ಆಮೇಲೆ ಹೆಸರು ಯಾವ ಭಾಷೆಯಿಂದ ಬಂತು ಅನ್ನೋದು. ನಾನು ಎಡವಿದ್ದೇ ಇಲ್ಲಿ. ಹೀಬ್ರೂನಲ್ಲಿ ಬಾರಾಕ್ ಅಂದ್ರೆ ಮಿಂಚು ಅನ್ನೋದು ನಿಜ, ಇಸ್ರೇಲಿನ ಪ್ರಧಾನಿ ಆಗಿದ್ದ ಎಹುದ್ ಬರಾಕ್ ಅವರ ಸರ್‌ನೇಮ್ ಅದೇ. ಆದ್ರೆ ಒಬಾಮಗೆ ಆ ಹೆಸರು ಬಂದಿದ್ದು ಕೆನ್ಯಾದ ತಂದೆಯಿಂದ, ಅವರ ಹೆಸರೂ ಬರಾಕೇ, ಅದರ ಬೇರು ಅರೇಬಿಕ್‌ನಿಂದ ಸ್ವಾಹಿಲಿಗೆ ಹೋದ ಬರಕಾ, ಅಂದ್ರೆ ಆಶೀರ್ವಾದ. ಕೇಳೋಕೆ ಒಂದೇ ಥರ ಇದ್ರೂ ಎರಡಕ್ಕೂ ಸಂಬಂಧ ಇಲ್ಲ. ಅದಕ್ಕೇ ನಿಘಂಟು ತೆಗೆಯೋಕೆ ಮುಂಚೆ ಅವರ ಅಪ್ಪ ಅಮ್ಮ ಎಲ್ಲಿಯವರು, ಮನೇಲಿ ಯಾವ ಭಾಷೆ ಅಂತ ನೋಡಿ. ಡೊನಾಲ್ಡ್ ಟ್ರಂಪ್ ತಾಯಿ ಸ್ಕಾಟ್ಲೆಂಡಿನ ಲೂಯಿಸ್ ದ್ವೀಪದವರು, ಅಲ್ಲಿನ ಹಳೇ ಭಾಷೆ ಗೇಲಿಕ್ ಮಾತಾಡ್ತಾ ಬೆಳೆದವರು, ಡೊನಾಲ್ಡ್ ಕೂಡ ಮೂಲದಲ್ಲಿ ಗೇಲಿಕ್ ಹೆಸರೇ, ಜಗತ್ತು ಮತ್ತು ಆಳೋದು ಅನ್ನೋ ಎರಡು ಹಳೇ ಪದ ಸೇರಿ ಆಗಿದ್ದು. (ಅಭಿಮಾನಿಗಳು ಇದನ್ನ ಭವಿಷ್ಯವಾಣಿ ಅಂದ್ಕೊಂಡ್ರೆ, ಡೊನಾಲ್ಡ್ ಡಕ್ ಕೂಡ ಇದೆ ಅಂತ ನೆನಪಿಸಿ.)

ಭಾಷೆ ಗೊತ್ತಾದ್ಮೇಲೆ ಹೆಸರನ್ನ ಬಿಡಿಸಬೇಕು, ಆದ್ರೆ ಇವತ್ತಿನ ಪದ ಹಿಡ್ಕೊಂಡು ಬಿಡಿಸಬಾರದು. ವ್ಲಾದಿಮಿರ್ ಅನ್ನೋದನ್ನ ನೋಡಿ, ವ್ಲಾದ್ ಅಂದ್ರೆ ಆಳ್ವಿಕೆ, ಮಿರ್ ಅಂದ್ರೆ ರಷ್ಯನ್‌ನಲ್ಲಿ ಜಗತ್ತು, ಶಾಂತಿ ಎರಡೂ ಆಗತ್ತೆ, ಹಾಗಾಗಿ ಲೋಕವನ್ನಾಳೋನು ಅಂತ ಎಲ್ಲ ಕಡೆ ಬರೆದಿರ್ತಾರೆ. ಹಳೇ ರೂಪದಲ್ಲಿ ಕೊನೇ ಭಾಗ ಮಿರ್ ಅಲ್ಲ, ಮೆರ್, ಅದಕ್ಕೆ ದೊಡ್ಡ, ಹೆಸರುವಾಸಿ ಅನ್ನೋ ಅರ್ಥ, ಜನ ಆಮೇಲೆ ತಮಗೆ ಗೊತ್ತಿರೋ ಪದಕ್ಕೆ ಅದನ್ನ ಹೊಂದಿಸ್ಕೊಂಡ್ರು. ವಿಚಿತ್ರ ಅಂದ್ರೆ ಪುಟಿನ್‌ದೂ ಜೆಲೆನ್ಸ್ಕಿದೂ ಒಂದೇ ಹೆಸರು, ರಷ್ಯನ್‌ನಲ್ಲಿ ವ್ಲಾದಿಮಿರ್, ಉಕ್ರೇನಿಯನ್‌ನಲ್ಲಿ ವೊಲೊದಿಮಿರ್. ಹಳೇ ರೂಪ ಸಿಗಬೇಕು ಅಂದ್ರೆ ವಿಕ್ಷನರಿ ಅನ್ನೋ ಆನ್‌ಲೈನ್ ನಿಘಂಟಲ್ಲಿ ಆ ಹೆಸರಿನ ವ್ಯುತ್ಪತ್ತಿ (ಪದ ಹೇಗೆ ಹುಟ್ಟಿತು ಅನ್ನೋ) ಭಾಗ ಓದಿ, ಒಂದೇ ಕಡೆ ನೋಡಿ ನಿಲ್ಲಿಸಬೇಡಿ. ಸಂಸ್ಕೃತದ ಹೆಸರುಗಳು ನಮಗೆ ಸುಲಭ, ನರ + ಇಂದ್ರ ನರೇಂದ್ರ, ಕಮಲಾ ಹ್ಯಾರಿಸ್‌ದು ಹೇಳೋದೇ ಬೇಡ, ಆದ್ರೆ ಜವಾಹರ್‌ಲಾಲ್ ನೋಡಿ ಅದೂ ಸಂಸ್ಕೃತ ಅಂದ್ಕೊಂಡ್ರೆ ತಪ್ಪು, ಜವಾಹಿರ್ ಅರೇಬಿಕ್, ರತ್ನಗಳು ಅಂತ.

ಇನ್ನು ನನಗೆ ಅತಿ ಇಷ್ಟದ ಭಾಗ, ಆ ಹೆಸರು ಯಾಕಿಟ್ರು ಅನ್ನೋದು, ಇದು ನಿಘಂಟಲ್ಲಿ ಸಿಗಲ್ಲ, ಜೀವನಚರಿತ್ರೆ, ಹಳೇ ಸಂದರ್ಶನ ಹುಡುಕಬೇಕು. ತಮಿಳುನಾಡಿನ ಎಂ.ಕೆ. ಸ್ಟಾಲಿನ್ ಹೆಸರಿನ ಬೇರು ರಷ್ಯನ್‌ನ ಉಕ್ಕು, ಆದ್ರೆ ಕರುಣಾನಿಧಿ ಉಕ್ಕು ನೋಡಿ ಇಟ್ಟಿದ್ದಲ್ಲ, ಮಗ ಹುಟ್ಟಿದ್ದು 1953ರ ಮಾರ್ಚ್ 1, ಸೋವಿಯತ್ ನಾಯಕ ಸತ್ತಿದ್ದು ಮಾರ್ಚ್ 5, ಅವರ ನೆನಪಿಗೆ ಇಟ್ರು, ಆ ನಾಯಕನಿಗೂ ಅದು ಹುಟ್ಟುಹೆಸರಲ್ಲ, ತಾನೇ ಇಟ್ಕೊಂಡಿದ್ದು. ಸುಕರ್ನೋಗೆ ಹುಟ್ಟಿದಾಗ ಕುಸ್ನೋ ಅಂತ ಹೆಸರಿತ್ತು, ಚಿಕ್ಕವರಿದ್ದಾಗ ಕಾಯಿಲೆ ಬಿದ್ರು ಅಂತ ತಂದೆ ಬದಲಾಯಿಸಿದ್ರು, ನಮ್ಮ ಮಹಾಭಾರತದ ಕರ್ಣನೇ ಮುಂದೊಂದು ಸು ಸೇರಿಸ್ಕೊಂಡು ಜಾವಾದ ಬಾಯಲ್ಲಿ ಸುಕರ್ನೋ ಆಗಿದ್ದಾನೆ. ಮಂಡೇಲಾ ಹುಟ್ಟುಹೆಸರು ರೋಲಿಹ್ಲಾಹ್ಲಾ, ಖೋಸಾ ಭಾಷೇಲಿ ಮರದ ಕೊಂಬೆ ಎಳೆಯೋನು, ಆಡುಮಾತಲ್ಲಿ ತರಲೆ ಅಂತ, ನೆಲ್ಸನ್ ಅನ್ನೋದು ಶಾಲೆಯ ಮೊದಲ ದಿನ ಟೀಚರ್ ಕೊಟ್ಟಿದ್ದು, ಅರ್ಥ ನೀಲ್‌ನ ಮಗ ಅಂತ, ಅವರಪ್ಪ ನೀಲ್ ಅಲ್ಲವೇ ಅಲ್ಲ!

ಕೆಲವು ಹೆಸರಿಗೆ ಇಷ್ಟು ಕಷ್ಟ ಬೇಡ, ನೈಜೀರಿಯಾದ ಅಧ್ಯಕ್ಷ ಆಗಿದ್ದ ಗುಡ್‌ಲಕ್ ಜೊನಾಥನ್ ಥರ. ಇನ್ನು ಕೆಲವು ಎಷ್ಟು ಅಗೆದ್ರೂ ಒಂದು ಉತ್ತರ ಕೊಡಲ್ಲ. ಬೋರಿಸ್ ಅನ್ನೋದು ಹಳೇ ಬಲ್ಗಾರರ ಟರ್ಕಿಕ್ ಹೆಸರು ಅಂತ ಒಂದು ವಾದ, ಬೋರಿಸ್ಲಾವ್ ಅನ್ನೋ ಸ್ಲಾವಿಕ್ ಹೆಸರು ತುಂಡಾಗಿದ್ದು ಅಂತ ಇನ್ನೊಂದು, ಅಂಥ ಕಡೆ ಎರಡನ್ನೂ ಬರೀರಿ. ಬರೆಯೋಕೆ ಮುಂಚೆ ಪೂರ್ತಿ ಹೆಸರೂ ಒಂದ್ಸಲ ನೋಡ್ಕೊಳ್ಳಿ, ಯಾಕಂದ್ರೆ ಬ್ರಿಟನ್ನಿನ ಪ್ರಧಾನಿ ಆಗಿದ್ದ ಬೋರಿಸ್ ಜಾನ್ಸನ್ ಅವರ ಮೊದಲ ಹೆಸರು ಅಲೆಕ್ಸಾಂಡರ್.